ತೊಂಬತ್ತಾದ ಮೇಲೆ ಏನು ಮಾಡಿದರು? ದೊಡ್ಡಪ್ಪನಿಗೆ ಹೇಳಲು ಹೆಸರು ಬೇಕು

ತಿಪಟೂರಿನ ಮೊಮ್ಮಗಳು · ಭಾನುವಾರ ರಾತ್ರಿ 9:40

ನಮ್ಮ ಅಜ್ಜಿಗೆ ಬರುವ ತಿಂಗಳು ತೊಂಬತ್ತು ತುಂಬುತ್ತದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಇದ್ದೂ ಇಲ್ಲದ ಹಾಗೆ. ಅಕ್ಕಿ ಆರಿಸುವಾಗ ಮೊರವನ್ನು ಮೂಗಿನ ಹತ್ತಿರಕ್ಕೆ ತಂದುಕೊಳ್ಳುತ್ತಾರೆ. ಆದರೂ ಕಲ್ಲು ಉಳಿಯುತ್ತದೆ, ಅದು ಸರಿಯಾಗಿ ದೊಡ್ಡಪ್ಪನ ಹಲ್ಲಿಗೇ ಸಿಗುತ್ತದೆ.

ಹೋದ ವಾರ ಅಜ್ಜಿ ತಾವಾಗಿಯೇ "ಆಪರೇಷನ್ ಮಾಡಿಸ್ರೋ" ಅಂದರು. ದೊಡ್ಡಪ್ಪ "ಈ ವಯಸ್ಸಲ್ಲಿ ಇನ್ನೇನು ನೋಡೋದಿದೆ ಅಮ್ಮ, ಸುಮ್ನೆ ದೇವರನಾಮ ಹೇಳ್ಕೊಂಡು ಕೂತ್ಕೋ" ಅಂದುಬಿಟ್ಟರು. ಅಜ್ಜಿ ತಿರುಗಿ ಏನೂ ಹೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು.

ದೊಡ್ಡಪ್ಪ ಕೆಟ್ಟವರಲ್ಲ, ಹೆದರಿಕೆ ಅಷ್ಟೇ. ಆದರೆ ಅವರ ಹತ್ತಿರ ಮಾತಲ್ಲಿ ಗೆಲ್ಲಬೇಕಾದರೆ ದೊಡ್ಡವರ ಹೆಸರು ಬೇಕು. ಪೇಪರ್‌ನಲ್ಲಿ ಬಂದಿದ್ದರೆ ಮಾತ್ರ ನಂಬುವ ಜನ ಅವರು. ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಒಂದೇ ಷರತ್ತು: ತೊಂಬತ್ತು ದಾಟಿ ಬದುಕಿದ್ದರು ಅಂದರೆ ಸಾಲದು. ದಾಟಿದ ಮೇಲೆ ಏನಾದರೂ ಮಾಡಿರಬೇಕು.

ಗವಿಪುರದ ಹಳಬ · ರಾತ್ರಿ 9:58

ಮಾಸ್ತಿ. ಇನ್ಯಾರು? 1891ರ ಜೂನ್ 6ರಂದು ಹುಟ್ಟಿದವರು. 1983ರ ಜ್ಞಾನಪೀಠ ಬಂತು, ಅಂದರೆ ತೊಂಬತ್ತು ದಾಟಿಯಾಗಿತ್ತು. ಹೋಗಿದ್ದು 1986ರಲ್ಲಿ, ಅದೂ ಜೂನ್ 6ರಂದೇ. ಸರಿಯಾಗಿ ತೊಂಬತ್ತೈದು, ಒಂದು ದಿನ ಹೆಚ್ಚಿಲ್ಲ, ಕಡಿಮೆ ಇಲ್ಲ. ಸಾಲದ ಲೆಕ್ಕ ಚುಕ್ತಾ ಮಾಡಿದ ಹಾಗೆ.

ಲೆಕ್ಕದ ಮೇಷ್ಟ್ರು · ರಾತ್ರಿ 10:05

ಹಳಬರೇ, ಹುಡುಗಿ ಹಾಕಿದ ಷರತ್ತು ನೋಡಿದಿರಾ? ಜ್ಞಾನಪೀಠ ಬಂದಿದ್ದು 'ಚಿಕವೀರ ರಾಜೇಂದ್ರ'ಕ್ಕೆ. ಅದು ಅಚ್ಚಾಗಿದ್ದು 1956ರಲ್ಲಿ. ಕೆಲಸ ಮಾಡಿದ್ದು ಅರವತ್ತರ ವಯಸ್ಸಲ್ಲಿ, ಕೂಲಿ ಬಂದಿದ್ದು ತೊಂಬತ್ತು ದಾಟಿದ ಮೇಲೆ. ಪ್ರಶಸ್ತಿ ತಗೊಳ್ಳೋದು ಕೆಲಸ ಅಲ್ಲ. ಮಾಸ್ತಿಯವರ ಮೇಲೆ ನನಗೂ ಭಕ್ತಿ ಇದೆ, ಆದರೆ ಈ ಪಟ್ಟಿಗೆ ಅವರು ನಡೆಯಲ್ಲ.

ಗವಿಪುರದ ಹಳಬ · ರಾತ್ರಿ 10:09

ನೀವು ಮಕ್ಕಳಿಗೆ ಅರ್ಧ ಮಾರ್ಕು ಕತ್ತರಿಸೋ ಮೇಷ್ಟ್ರೇ ಇರಬೇಕು.

ಕೋಟದ ಕಡಲು · ರಾತ್ರಿ 10:31

ಹಾಗಾದರೆ ನಮ್ಮೂರಿನವರನ್ನು ತೆಗೆದುಕೊಳ್ಳಿ. ಶಿವರಾಮ ಕಾರಂತ, 1902ರ ಅಕ್ಟೋಬರ್ 10ರಿಂದ 1997ರ ಡಿಸೆಂಬರ್ 9ರವರೆಗೆ. ಎಂಬತ್ತಾರರ ಮೇಲೆ, 1989ರಲ್ಲಿ, ಕೈಗಾ ಅಣುಸ್ಥಾವರ ಬೇಡ ಅಂತ ಲೋಕಸಭಾ ಚುನಾವಣೆಗೆ ನಿಂತರು. ಸೋತರು. ಆ ವಯಸ್ಸಲ್ಲಿ ನಾವಾದರೆ ಮತ ಹಾಕೋಕೆ ಬೂತಿಗೆ ಹೋಗೋದೇ ದೊಡ್ಡದು.

ಮೇಷ್ಟ್ರು ಹೇಳುವ ಮೊದಲೇ ಹೇಳುತ್ತೇನೆ, ಅದು ತೊಂಬತ್ತಕ್ಕೆ ಮುಂಚೆ ಅಂತ ಗೊತ್ತು. ತೊಂಬತ್ತರ ನಂತರದ ಕೆಲಸವೂ ಇದೆ. ತೊಂಬತ್ತೈದರ ಹೊತ್ತಿಗೆ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಅದು ಅಚ್ಚಾಗಿ ಬಂದಿದ್ದು ಅವರು ಹೋದ ಮೇಲೆ. ಕಾದಂಬರಿ, ಯಕ್ಷಗಾನ, ವಿಜ್ಞಾನ, ಮಕ್ಕಳ ಪುಸ್ತಕ ಎಲ್ಲಾ ಆಯಿತು, ಹಕ್ಕಿ ಒಂದು ಬಾಕಿ ಇತ್ತು ಅನ್ನೋ ಹಾಗೆ. ನಿಮ್ಮ ದೊಡ್ಡಪ್ಪನಿಗೆ ಹೇಳಿ, ತೊಂಬತ್ತೈದರಲ್ಲಿ ಹಕ್ಕಿ ನೋಡೋದಿತ್ತು ಅಂತ.

ತಿಪಟೂರಿನ ಮೊಮ್ಮಗಳು · ರಾತ್ರಿ 10:36

ಇದು ಬರೆದಿಟ್ಟುಕೊಂಡೆ. 🙏 ಇಂಥದ್ದೇ ಬೇಕು.

ಸುಮ್ನೆ ಓದೋನು · ರಾತ್ರಿ 10:50

ಕುವೆಂಪು ಯಾಕೆ ಯಾರೂ ಹೇಳಿಲ್ಲ?

ಲೆಕ್ಕದ ಮೇಷ್ಟ್ರು · ರಾತ್ರಿ 10:58

1904ರ ಡಿಸೆಂಬರ್ 29ಕ್ಕೆ ಹುಟ್ಟಿದ್ದು. 1994ರ ನವೆಂಬರ್ 11ಕ್ಕೆ ತೀರಿಕೊಂಡಿದ್ದು. ತೊಂಬತ್ತಕ್ಕೆ 48 ದಿನ ಕಡಿಮೆ.

ಸುಮ್ನೆ ಓದೋನು · ರಾತ್ರಿ 11:02

ನಮ್ಮ ಕಡೆ "ತೊಂಬತ್ತು ನಡೀತಿತ್ತು" ಅಂತೀವಿ. ತೊಂಬತ್ತನೇ ವರ್ಷದಲ್ಲೇ ಇದ್ದರಲ್ವಾ? 48 ದಿನಕ್ಕೆ ರಾಷ್ಟ್ರಕವಿಯನ್ನು ಹೊರಗೆ ನಿಲ್ಲಿಸೋದಾ?

ಲೆಕ್ಕದ ಮೇಷ್ಟ್ರು · ರಾತ್ರಿ 11:04

ನಾನು ನಿಲ್ಲಿಸಿಲ್ಲ, ಕ್ಯಾಲೆಂಡರ್ ನಿಲ್ಲಿಸಿದೆ.

ಅಗ್ರಹಾರದ ಕಾಫಿ · ಸೋಮವಾರ ಬೆಳಿಗ್ಗೆ 6:15

ಲೆಕ್ಕದ ಮೇಷ್ಟ್ರಿಗೆ ಸುಲಭವಾಗೋ ಒಂದು ಹೆಸರು ಕೊಡುತ್ತೇನೆ. ಎ.ಎನ್. ಮೂರ್ತಿರಾಯರು. 1900ರಲ್ಲಿ ಹುಟ್ಟಿದವರು, ಹಾಗಾಗಿ ಇಸವಿಯ ಕೊನೆಯ ಎರಡು ಅಂಕಿಯೇ ಅವರ ವಯಸ್ಸು. 'ದೇವರು' ಪುಸ್ತಕ ಬಂದಿದ್ದು 1991ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ನನಗೆ ಈ ಪುಸ್ತಕದಲ್ಲಿ ಖುಷಿ ಕೊಡೋದು ಬೇರೆ ವಿಷಯ. ಆ ವಯಸ್ಸಿಗೆ ಬಂದವರು ಸಾಮಾನ್ಯವಾಗಿ ದೇವರ ಕಡೆ ತಿರುಗುತ್ತಾರೆ. ಇವರೂ ತಿರುಗಿದರು. ತಿರುಗಿ, ಚೆನ್ನಾಗಿ ನೋಡಿ, ಇಲ್ಲ ಅಂದರು. ಜಗಳದ ದನಿಯಲ್ಲಿ ಅಲ್ಲ. ಜಗಲಿ ಮೇಲೆ ಕೂತು ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲಿ. ಒಪ್ಪದವರೂ ಪುಸ್ತಕ ಮುಚ್ಚದೆ ಓದುತ್ತಾರೆ. ನಮ್ಮ ತಂದೆ ದಿನಾ ಸಂಧ್ಯಾವಂದನೆ ಮಾಡುತ್ತಿದ್ದವರು, ಅದನ್ನು ಎರಡು ಸಲ ಓದಿದರು. ಸಂಧ್ಯಾವಂದನೆ ಬಿಡಲಿಲ್ಲ, ಪುಸ್ತಕವನ್ನೂ ಯಾರಿಗೂ ಕೊಡಲಿಲ್ಲ.

ಮೂರ್ತಿರಾಯರು 2003ರವರೆಗೆ ಇದ್ದರು. ನೂರು ದಾಟಿದವರು ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ ತಾನೇ?

ತಿಪಟೂರಿನ ಮೊಮ್ಮಗಳು · ಬೆಳಿಗ್ಗೆ 7:20

ನೂರಕ್ಕೆ ಹೋಗಬೇಕಾದರೆ ತೊಂಬತ್ತು ದಾಟಿಯೇ ಹೋಗಬೇಕು. ನಡೆಯುತ್ತದೆ. ಆದರೆ ದೊಡ್ಡಪ್ಪ ನೋಡಿದರೆ ದೇವರನಾಮ ಹೇಳ್ಕೋ ಅಂತಿದ್ದಾರೆ, ನಾನು ಹೋಗಿ ಮೂರ್ತಿರಾಯರ ಹೆಸರು ಹೇಳಿದರೆ ಮನೆಯಿಂದ ಆಚೆ ಹಾಕುತ್ತಾರೆ. 😄

ಅಗ್ರಹಾರದ ಕಾಫಿ · ಬೆಳಿಗ್ಗೆ 7:31

ಹಾಗಾದರೆ ಜಿ. ವೆಂಕಟಸುಬ್ಬಯ್ಯನವರ ಹೆಸರು ಹೇಳಿ. ನಿಘಂಟಿನವರು. 1913ರಲ್ಲಿ ಹುಟ್ಟಿ 2021ರ ಏಪ್ರಿಲ್‌ವರೆಗೆ, 107 ವರ್ಷ ಇದ್ದರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ 97. ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಬರುತ್ತಿತ್ತಲ್ಲ, ನಮ್ಮ ಬೀದಿಯಲ್ಲಿ ಭಾನುವಾರ ಅದಕ್ಕಾಗಿ ಪೇಪರ್ ಕಿತ್ತಾಡುತ್ತಿದ್ದರು. ಯಾವುದೋ ಊರಿನ ಯಾರೋ ಒಬ್ಬರು ಒಂದು ಪದ ಕೇಳಿ ಕಾಗದ ಹಾಕೋದು, ಇವರು ಅದರ ಬೇರು ಹುಡುಕಿ ಉತ್ತರ ಕೊಡೋದು.

ಪಾವಗಡದ ಬಿಸಿಲು · ಬೆಳಿಗ್ಗೆ 9:10

ಇಷ್ಟು ಹೊತ್ತು ಓದಿದೆ. ಒಂದು ಮಾತು ಹೇಳಲಾ? ಎಲ್ಲಾ ಪುಸ್ತಕ ಬರೆದವರೇ. ಎಲ್ಲಾ ಗಂಡಸರೇ. ಕೇಳುತ್ತಿರೋದು ಒಬ್ಬ ಅಜ್ಜಿಗಾಗಿ.

ನಮ್ಮ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ಹೋದರು, 98ನೇ ವಯಸ್ಸಿಗೆ. ಹದಿನೈದು ಸಾವಿರ ಅಂದರೆ ಸಣ್ಣ ಊರಲ್ಲ, ಒಂದು ಪಟ್ಟಣ. ಯಾವ ಕಾದಂಬರಿಯಲ್ಲಿ ಅಷ್ಟು ಜನ ಇದ್ದಾರೆ ಹೇಳಿ.

ಇನ್ನೊಬ್ಬರು ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ. ತೊಗಲುಗೊಂಬೆ ಆಡಿಸುವವರು. 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ 96 ವರ್ಷ ಅಂತ ಪೇಪರ್‌ನಲ್ಲಿ ಬಂತು.

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 9:25

ತಪ್ಪಾಯಿತು, ಒಪ್ಪಿದೆ. ಆದರೆ ಇಲ್ಲಿ ಒಂದು ತೊಡಕಿದೆ. ಮಾಸ್ತಿಯವರ ತಾರೀಖು ನಮಗೆ ದಿನದ ಮಟ್ಟಿಗೆ ಗೊತ್ತು. ಹಳ್ಳಿಯ ಹೆಣ್ಣುಮಕ್ಕಳ ವಯಸ್ಸನ್ನು ಯಾರು ಬರೆದಿಟ್ಟಿದ್ದರು? ನಾನು ಮೂವತ್ತೆರಡು ವರ್ಷ ಪಾಠ ಮಾಡಿದವನು. ಒಂದನೇ ಕ್ಲಾಸಿಗೆ ಮಗು ಕರಕೊಂಡು ಬರೋರು, "ಹುಟ್ಟಿದ್ದು ಯಾವಾಗ?" ಅಂದರೆ "ದೊಡ್ಡ ಮಳೆ ಬಂತಲ್ಲ, ಆವಾಗ" ಅನ್ನೋರು. ನಾವು ಜೂನ್ 1 ಅಂತ ಬರೆದುಕೊಳ್ಳುತ್ತಿದ್ದೆವು. ನಮ್ಮ ರಾಜ್ಯದಲ್ಲಿ ಜೂನ್ 1ಕ್ಕೆ ಹುಟ್ಟಿದಷ್ಟು ಜನ ಇನ್ಯಾವ ದಿನವೂ ಹುಟ್ಟಿಲ್ಲ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಪಾವಗಡದ ಬಿಸಿಲು · ಬೆಳಿಗ್ಗೆ 9:33

ಓದಿದವರದ್ದೇನು ಪಕ್ಕಾ ಇದೆಯಾ ಮೇಷ್ಟ್ರೇ? ವಿಶ್ವೇಶ್ವರಯ್ಯನವರ ಹುಟ್ಟಿದ ವರ್ಷ ಒಂದು ಕಡೆ 1860, ಇನ್ನೊಂದು ಕಡೆ 1861. ಅವರಿಗೆ ಅನುಮಾನದ ಲಾಭ ಕೊಡ್ತೀರಿ, ನರಸಮ್ಮನಿಗೆ ಕೊಡಲ್ಲ.

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 9:35

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗವಿಪುರದ ಹಳಬ · ಬೆಳಿಗ್ಗೆ 10:02

ವಿಶ್ವೇಶ್ವರಯ್ಯನವರ ಮಾತು ಬಂತಲ್ಲ, ಯಾವ ವರ್ಷ ಹಿಡಿದರೂ ಲೆಕ್ಕ ಸರಿಹೋಗೋ ಕೆಲಸ ಒಂದಿದೆ. ಬಿಹಾರದ ಮೊಕಾಮಾದಲ್ಲಿ ಗಂಗೆಗೆ ರೈಲು, ರಸ್ತೆ ಎರಡೂ ಹೋಗೋ ಸೇತುವೆ ಕಟ್ಟಬೇಕಿತ್ತು. ಎಲ್ಲಿ ಕಟ್ಟೋದು ಅನ್ನೋದೇ ಜಗಳ. ಜಾಗ ಗೊತ್ತುಮಾಡೋಕೆ ಇವರ ಸಲಹೆ ಕೇಳಿದರು. ಆಗ ಅವರಿಗೆ ತೊಂಬತ್ತು ದಾಟಿತ್ತು. ಸೇತುವೆ ಓಡಾಟಕ್ಕೆ ತೆರೆದಿದ್ದು 1959ರಲ್ಲಿ, ಇವರು 1962ರವರೆಗೆ ಇದ್ದರು. 1955ರಲ್ಲಿ ಭಾರತರತ್ನ ಬಂತು, ಅದು ಬಿಡಿ, ಪ್ರಶಸ್ತಿ ಕೆಲಸ ಅಲ್ಲ ಅಂತ ಮೇಷ್ಟ್ರು ಆಗಲೇ ಹೇಳಿಯಾಗಿದೆ.

ಪುಣೆಯ ಕನ್ನಡತಿ · ಮಧ್ಯಾಹ್ನ 1:15

ನಾನು ಪುಣೆಗೆ ಬಂದು ಇಪ್ಪತ್ತೆರಡು ವರ್ಷ. ಇಲ್ಲಿ ಯೋಗದ ಬಿ.ಕೆ.ಎಸ್. ಅಯ್ಯಂಗಾರ್ ಅಂದರೆ ಮರಾಠಿಯವರು ತಮ್ಮವರು ಅಂದುಕೊಂಡಿದ್ದಾರೆ. ನಾನು ಬಿಡಲ್ಲ, ಅವರ ಹೆಸರಿನ ಮೊದಲ ಅಕ್ಷರವೇ ಕೋಲಾರದ ಬೆಳ್ಳೂರು ಅಂತ ಹೇಳುತ್ತೇನೆ.

ಅವರು ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ. ಇನ್‌ಫ್ಲುಯೆಂಜಾ ಊರೂರು ಖಾಲಿ ಮಾಡಿದ ವರ್ಷ. ಬಸುರಿ ತಾಯಿಗೂ ಆ ಜ್ವರ ಬಂದಿತ್ತು. ಮಗು ಬಡಕಲು. ಆಮೇಲೆ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲಾ ಬಂದು ಹೋಯಿತು. ಆ ಮಗು ಇಷ್ಟು ದೂರ ಬರುತ್ತದೆ ಅಂತ ಯಾರು ಬಾಜಿ ಕಟ್ಟುತ್ತಿದ್ದರು? ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಹುಡುಗನನ್ನು ಅಲ್ಲಿಗೆ ಕರೆಸಿಕೊಂಡರು. 1937ರಲ್ಲಿ ಪುಣೆಗೆ ಕಳಿಸಿದರು. 2011ರಲ್ಲಿ, 92ರ ವಯಸ್ಸಲ್ಲಿ, ಚೀನಾಕ್ಕೆ ಹೋಗಿ ಅಲ್ಲಿನವರಿಗೆ ಪಾಠ ಮಾಡಿ ಬಂದರು. 2014ರಲ್ಲಿ ಹೋದರು, 95.

ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು, 93. ಲಾಟ್ವಿಯಾದಲ್ಲಿ ಹುಟ್ಟಿ ಮೈಸೂರಿಗೆ ಬಂದು ಅವರ ಹತ್ತಿರ ಕಲಿತ ಇಂದ್ರಾ ದೇವಿ, 102. ಗುರುಗಳು ತಾವೇ ನೂರು. ಒಂದು ಶಾಲೆಯಿಂದ ನಾಲ್ಕು ಜನ!

ಲೆಕ್ಕದ ಮೇಷ್ಟ್ರು · ಮಧ್ಯಾಹ್ನ 1:40

ಕತೆ ಚೆನ್ನಾಗಿದೆ ತಾಯಿ, ಆದರೆ ಜಾಗ್ರತೆ. ಅದೇ ಶಾಲೆಯಲ್ಲಿ ಇನ್ನೂ ಎಷ್ಟೋ ಹುಡುಗರು ಕಲಿತರು. ಅವರೆಲ್ಲ ಎಷ್ಟು ವರ್ಷ ಬದುಕಿದರು? ಯಾರೂ ಲೆಕ್ಕ ಇಟ್ಟಿಲ್ಲ. ಗೆದ್ದ ಲಾಟರಿ ಟಿಕೆಟ್ ಮಾತ್ರ ತೋರಿಸಿದರೆ ಎಲ್ಲರೂ ಲಾಟರಿ ಕೊಳ್ಳುತ್ತಾರೆ. ಸೈನ್ಯದಲ್ಲೂ ಹೀಗೇ ಒಂದಿದೆ. ಕೊಡಗಿನ ಕಾರ್ಯಪ್ಪ, ಮಾಣೆಕ್ ಷಾ, ವಾಯುಪಡೆಯ ಅರ್ಜನ್ ಸಿಂಗ್. ನಮ್ಮ ದೇಶದಲ್ಲಿ ಐದು ನಕ್ಷತ್ರದ ದರ್ಜೆ ಸಿಕ್ಕಿದ್ದು ಈ ಮೂವರಿಗೆ ಮಾತ್ರ, ಮೂವರೂ ತೊಂಬತ್ತು ದಾಟಿದರು. ಹಾಗಂತ ಯುದ್ಧ ಮಾಡಿದರೆ ಆಯುಸ್ಸು ಹೆಚ್ಚುತ್ತೆ ಅಂತೀರಾ?

ಸುಮ್ನೆ ಓದೋನು · ಮಧ್ಯಾಹ್ನ 1:52

ಅಣ್ಣತಮ್ಮಂದಿರೂ ಇದ್ದಾರೆ. ಕಾದಂಬರಿ ಬರೆದ ಆರ್.ಕೆ. ನಾರಾಯಣ್ 94, ವ್ಯಂಗ್ಯಚಿತ್ರದ ಆರ್.ಕೆ. ಲಕ್ಷ್ಮಣ್ 93. ಲಕ್ಷ್ಮಣ್ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋದ ಮೇಲೂ ಬಲಗೈಯಲ್ಲಿ ಗೆರೆ ಎಳೆಯುತ್ತಿದ್ದರು.

ಹಳೇ ರೇಡಿಯೋ · ಸಂಜೆ 5:30

ಎಲ್ಲರಿಗೂ ಖುಷಿಯಾಗಿದೆ, ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಾಯಿಗೂ ತೊಂಬತ್ತೊಂದಾಗಿತ್ತು. ಮಂಡಿ ನೋವು. ಒಂದು ಆಸ್ಪತ್ರೆಯವರು "ಏನೂ ತೊಂದರೆ ಇಲ್ಲ, ಮೂರನೇ ದಿನ ನಡೀತಾರೆ" ಅಂದರು. ಮಂಡಿ ಬದಲಾಯಿಸಿದರು. ಸೋಂಕು ಆಯಿತು. ನಾಲ್ಕು ತಿಂಗಳು ಹಾಸಿಗೆ. ಬೆನ್ನಿಗೆ ಹುಣ್ಣು. ರಾತ್ರಿ ಎರಡೆರಡು ಗಂಟೆಗೆ ಎದ್ದು ಮಗ್ಗುಲು ತಿರುಗಿಸುತ್ತಿದ್ದವಳು ನನ್ನ ಹೆಂಡತಿ. ಅಮ್ಮ ಮತ್ತೆ ಏಳಲಿಲ್ಲ.

ತೊಂಬತ್ತು ದಾಟಿ ಪುಸ್ತಕ ಬರೆದವರ ಪಟ್ಟಿ ಎಲ್ಲರೂ ಮಾಡುತ್ತಾರೆ. ಆ ಪುಸ್ತಕ ಬರೆಯುವಾಗ ಅವರಿಗೆ ಬಿಸಿನೀರು ಕಾಯಿಸಿಕೊಟ್ಟವರು ಯಾರು, ಮಾತ್ರೆ ನೆನಪಿಸಿದವರು ಯಾರು? ನಿಮ್ಮ ದೊಡ್ಡಪ್ಪ ಹೆದರಿದ್ದಾರೆ ಅಂದಿರಲ್ಲ, ಆ ಹೆದರಿಕೆ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು.

ತಿಪಟೂರಿನ ಮೊಮ್ಮಗಳು · ಸಂಜೆ 6:05

ಅಣ್ಣ, ಓದಿ ತುಂಬಾ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ನಮ್ಮ ಮನೆಯಲ್ಲೂ ನೋಡಿಕೊಳ್ಳೋರು ದೊಡ್ಡಮ್ಮನೇ. ಅವರನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಕೇಳುತ್ತೇನೆ.

ಕಣ್ಣಿನ ಡಾಕ್ಟ್ರು · ರಾತ್ರಿ 8:45

ಹಳೇ ರೇಡಿಯೋ ಅವರೇ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಮಂಡಿ ಬೇರೆ, ಕಣ್ಣಿನ ಪೊರೆ ಬೇರೆ.

ಪೊರೆಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಡ. ಹನಿ ಹಾಕಿ ಅಥವಾ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತೇವೆ. ಮಂಜಾದ ಮಸೂರ ತೆಗೆದು ಬೇರೆ ಮಸೂರ ಕೂರಿಸುತ್ತೇವೆ. ಎಲ್ಲಾ ಸರಿ ಇದ್ದರೆ ಅರ್ಧ ಗಂಟೆಯೊಳಗಿನ ಕೆಲಸ. ಅವತ್ತೇ ಮನೆಗೆ ಹೋಗಬಹುದು. ವಯಸ್ಸು ಒಂದೇ ಕಾರಣಕ್ಕೆ ಬೇಡ ಅನ್ನೋದಿಲ್ಲ. ನೋಡಬೇಕಾದ್ದು ಬಿ.ಪಿ., ಸಕ್ಕರೆ, ಅರ್ಧ ಗಂಟೆ ಅಲ್ಲಾಡದೆ ಮಲಗೋಕೆ ಆಗುತ್ತಾ, ಕಣ್ಣಿನ ಹಿಂದಿನ ಪರದೆ ಚೆನ್ನಾಗಿದೆಯಾ ಅನ್ನೋದು. ಪರದೆಯೇ ಹೋಗಿದ್ದರೆ ಪೊರೆ ತೆಗೆದರೂ ಹೆಚ್ಚು ಲಾಭ ಇಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ. ತಡ ಮಾಡಿದಷ್ಟೂ ಪೊರೆ ಗಟ್ಟಿಯಾಗಿ ತೆಗೆಯೋದು ಕಷ್ಟ. ಸೋಂಕು ಅಪರೂಪ, ಆದರೆ ಆಗೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕಾರು ವಾರ ಹೊತ್ತುಹೊತ್ತಿಗೆ ಹನಿ ಹಾಕೋರು ಒಬ್ಬರು ಬೇಕು. ದೊಡ್ಡಮ್ಮನನ್ನು ಕೇಳಬೇಕು ಅಂದಿದ್ದು ಅದಕ್ಕೇ ಸರಿ.

ಹುಬ್ಬಳ್ಳಿ ಗಿರ್ಮಿಟ್ · ರಾತ್ರಿ 9:20

ಇಷ್ಟು ಮಾತಾದರೂ ಗಂಗೂಬಾಯಿ ಹಾನಗಲ್ ಹೆಸರು ಬರಲಿಲ್ಲವಲ್ಲ ರೀ! ನಮ್ಮ ಊರಿನವರು ಯಾರೂ ಇಲ್ಲವಾ ಇಲ್ಲಿ?

1913ರಲ್ಲಿ ಹುಟ್ಟಿದ್ದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದಾಗ ಪುಟ್ಟ ಹುಡುಗಿ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಗಂಡುದನಿಯ ಹಾಗೆ ಗಡುಸಾಯಿತು. ಬೇರೆಯವರಾದರೆ ಹಾಡೋದೇ ಬಿಡುತ್ತಿದ್ದರು. ಇವರು ಅದೇ ದನಿಯನ್ನು ಹಿಡಿದು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯನ್ನು ಆಳಿದರು. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರೋದು. ಕೊನೆಯ ಕಛೇರಿ 2006ರಲ್ಲಿ, 93ರ ವಯಸ್ಸಲ್ಲಿ. ಅದಕ್ಕೆ ಮುಂಚೆ ಕ್ಯಾನ್ಸರ್ ಬಂದು ಹೋಗಿತ್ತು, 2004ರಲ್ಲಿ ಜೊತೆಗೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ ತೀರಿಕೊಂಡಿದ್ದರು. ಮಗಳ ದನಿ ಇಲ್ಲದ ವೇದಿಕೆ ಮೇಲೆ ಕೂತು ಹಾಡೋದು ಅಂದರೆ ಏನು ಅಂತ ನನಗೆ ಊಹಿಸೋಕೂ ಆಗಲ್ಲ.

2009ರ ಜುಲೈ 21ಕ್ಕೆ ಹೋದರು, 96. ಕಣ್ಣು ದಾನ ಮಾಡಿದರು.

ಇಲ್ಲೇ ಪಕ್ಕದ ಗದಗಿನ ಪುಟ್ಟರಾಜ ಗವಾಯಿಗಳೂ 96. ಕಣ್ಣಿಲ್ಲದೆ ಅಷ್ಟು ವರ್ಷ, ಸಾವಿರಾರು ಮಕ್ಕಳಿಗೆ ಅನ್ನ, ಸಂಗೀತ ಎರಡೂ ಕೊಟ್ಟರು.

ತಿಪಟೂರಿನ ಮೊಮ್ಮಗಳು · ರಾತ್ರಿ 9:26

ಒಂದು ನಿಮಿಷ. 96ರ ಕಣ್ಣನ್ನು ದಾನ ಮಾಡಬಹುದಾ? ಪೊರೆ ಬಂದಿದ್ದರೂ?

ಕಣ್ಣಿನ ಡಾಕ್ಟ್ರು · ರಾತ್ರಿ 9:34

ಮಾಡಬಹುದು. ಪೊರೆ ಬರೋದು ಒಳಗಿನ ಮಸೂರಕ್ಕೆ. ಇನ್ನೊಬ್ಬರಿಗೆ ಕೂರಿಸೋದು ಮುಂದಿನ ತೆಳು ಪದರ, ಕಾರ್ನಿಯಾ. ಪೊರೆ ಆಪರೇಷನ್ ಆದವರೂ ಕೊಡಬಹುದು. ತೆಗೆದ ಮೇಲೆ ಪರೀಕ್ಷೆ ಮಾಡಿ, ಕೂರಿಸೋಕೆ ಆಗದಿದ್ದರೆ ಕಲಿಕೆಗೆ ಬಳಸುತ್ತಾರೆ.

ತಿಪಟೂರಿನ ಮೊಮ್ಮಗಳು · ಬುಧವಾರ ರಾತ್ರಿ 10:10

ಆಗಿದ್ದು ಹೇಳುತ್ತೇನೆ. ಊಟಕ್ಕೆ ಕೂತಾಗ ಶುರು ಮಾಡಿದೆ. ವಿಶ್ವೇಶ್ವರಯ್ಯ ಅಂದೆ. "ಅವರು ಬಿಡು, ದೇವರಂಥೋರು" ಅಂದರು ದೊಡ್ಡಪ್ಪ. ಕಾರಂತರು ಅಂದೆ. "ಅವರು ಮೊದಲಿಂದಲೂ ಹಠ" ಅಂದರು. ದೊಡ್ಡವರ ಹೆಸರು ಹೇಳಿದಷ್ಟೂ ಅವರು ನಮ್ಮಿಂದ ದೂರ ಹೋಗುತ್ತಿದ್ದಾರೆ ಅನ್ನಿಸಿತು. ನರಸಮ್ಮನವರ ಹೆಸರಿಗೆ ದೊಡ್ಡಮ್ಮ ತಲೆ ಎತ್ತಿದರು, ನಮ್ಮ ಜಿಲ್ಲೆಯವರು ಅಂತ.

ಗಂಗೂಬಾಯಿ ಅವರ ಕಣ್ಣಿನ ವಿಷಯ ಹೇಳಿದಾಗ ಅಜ್ಜಿ ಒಳಗಿಂದ ಕೂಗಿದರು. "ಆಯಮ್ಮ ಬೇರೆಯೋರಿಗೇ ಕೊಟ್ಟಳಂತೆ. ನನ್ನ ಕಣ್ಣು ನನಗೇ ಬೇಕು ಅಂದ್ರೆ ನಿಮಗೇನ್ರೋ?"

ದೊಡ್ಡಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ದೊಡ್ಡಮ್ಮ "ಹನಿ ನಾನು ಹಾಕ್ತೀನಿ, ಆದ್ರೆ ರಾತ್ರಿದು ನೀವು ಹಾಕ್ಬೇಕು" ಅಂದರು. ದೊಡ್ಡಪ್ಪನಿಗೆ. ನಲವತ್ತು ವರ್ಷದಲ್ಲಿ ಅವರು ಷರತ್ತು ಹಾಕಿದ್ದು ನಾನು ನೋಡಿದ್ದು ಇದೇ ಮೊದಲು. ಶುಕ್ರವಾರ ತೋರಿಸೋಕೆ ಹೋಗುತ್ತಿದ್ದೇವೆ.

ಹಳೇ ರೇಡಿಯೋ · ರಾತ್ರಿ 10:25

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಹಿಂದಿನ ಪರದೆ ತೋರಿಸೋದು ಮರೀಬೇಡಿ.

ಗವಿಪುರದ ಹಳಬ · ಎರಡು ವಾರದ ನಂತರ, ಶನಿವಾರ ಬೆಳಿಗ್ಗೆ 8:00

ಏನಾಯ್ತಮ್ಮ? ಸುದ್ದಿಯೇ ಇಲ್ಲ. ಮೇಷ್ಟ್ರು ದಿನ ಎಣಿಸುತ್ತಿದ್ದಾರೆ.

ತಿಪಟೂರಿನ ಮೊಮ್ಮಗಳು · ಶನಿವಾರ ಸಂಜೆ 7:15

ಕ್ಷಮಿಸಿ, ಓಡಾಟದಲ್ಲಿ ಮರೆತೆ. ಪರದೆ ಚೆನ್ನಾಗಿತ್ತು. ಬಲಗಣ್ಣು ಮಂಗಳವಾರ ಆಯಿತು, ಎಡಗಣ್ಣು ಆಮೇಲೆ. ಬುಧವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅಜ್ಜಿ ಮೊದಲು ಡಾಕ್ಟರನ್ನು ನೋಡಿದರು, ಆಮೇಲೆ ಗೋಡೆ, ಆಮೇಲೆ ತಮ್ಮ ಕೈ ತಿರುಗಿಸಿ ತಿರುಗಿಸಿ. ದೊಡ್ಡಪ್ಪ ಎದುರಿಗೆ ಬಂದು ನಿಂತು "ಕಾಣ್ತಿದ್ಯೇನಮ್ಮ?" ಅಂದರು.

ಅಜ್ಜಿ ತುಂಬಾ ಹೊತ್ತು ಅವರ ಮುಖವನ್ನೇ ನೋಡಿದರು. ತಲೆ ಮೇಲೆ ಕೈಯಾಡಿಸಿದರು.

"ಏನೋ ಇದು, ಇಷ್ಟೊಂದು ನರೆತು ಹೋಗಿದ್ಯಲ್ಲೋ. ಯಾವಾಗೋ ಮುದುಕ ಆದೆ?"